ಲೋಕವ್ಯವಹಾರಗಳ ವ್ಯಾಸಂಗ
(ಶಾಲಾ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯನ್ನು ಏರುವ ಮೊದಲು ಅಂಗಳದಲ್ಲಿ ಹಿರಿಯರೊಬ್ಬರು ನನ್ನನ್ನು ತಡೆದು ಕೇಳಿದರು: "ಮಾಸ್ಟ್ರೇ, ನನ್ನ ಮೊಮ್ಮಗಳು ಕಾಲೇಜಿನಲ್ಲಿ ಅಂತಾರಾಷ್ಟ್ರೀಯ ಸಂಬಂಧಗಳೆಂಬ ವಿಷಯವನ್ನು ಓದಬೇಕೆನ್ನುತ್ತಾಳೆ. ಅಮೆರಿಕ, ರಷ್ಯಗಳ ಜಗಳವನ್ನು ಓದಿ ನಮ್ಮ ಹುಡುಗಿಗೆ ಆಗಬೇಕಾದುದೇನು?" ನಿಂತಲ್ಲಿಯೇ ಏನೋ ಒಂದು ಉತ್ತರ ಹೇಳಿದೆ. ಅದು ನನಗೇ ಸಮಾಧಾನವನ್ನು ತರಲಿಲ್ಲ. ಆದುದರಿಂದ ಬರೆದು ತಂದ ಭಾಷಣವನ್ನು ಬದಿಗಿಟ್ಟು ಅವರ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ.

ನಮ್ಮ ಕಾಸರಗೋಡಿನ ಸಂಗತಿಯಿಂದಲೇ ಆರಂಭಿಸೋಣ. ನಾನು ಬಾಲಕನಾಗಿದ್ದಾಗ ಗೇರುಗುಡ್ಡೆಗಳ ಮೇಲೆ ಹೆಲಿಕಾಪ್ಟರ್ ಹಾರಿತೆಂದರೆ ನಮಗೆ ಹಬ್ಬ. ತರಗತಿಯಿಂದ ಓಡಿ ಹೊರಬಂದು ಕೈಬೀಸುತ್ತಿದ್ದೆವು. ಅದು ಸುರಿಸುತ್ತಿದ್ದುದು ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು. 1970ರ ದಶಕದ ಕೊನೆಯಿಂದ 2000ದವರೆಗೆ ಈ ಸಿಂಪಡಣೆ ನಡೆಯಿತು. ಎಣ್ಮಕಜೆ, ಪಡ್ರೆಗಳ ಮನೆಗಳಲ್ಲಿ ಅನಂತರ ಕಂಡ ಸಂಕಟವನ್ನು ಇಲ್ಲಿ ವರ್ಣಿಸಲಾರೆ. ಈ ಸಭೆಯಲ್ಲಿರುವ ಹಲವರು ಅದನ್ನು ನನಗಿಂತ ಚೆನ್ನಾಗಿ ಬಲ್ಲರು. ಊರಿನ ವೈದ್ಯರು ಬರೆದರು, ಕೃಷಿಕರು ಪತ್ರಿಕೆಗಳಲ್ಲಿ ದೂರಿದರು, ಕೃಷಿ ಇಲಾಖೆಯ ಮಹಿಳೆಯೊಬ್ಬರು ನ್ಯಾಯಾಲಯದ ಮೆಟ್ಟಿಲನ್ನೇರಿದರು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ ಶಾಲಾಮಕ್ಕಳನ್ನು ಪರೀಕ್ಷಿಸಿದರು.

ಇಷ್ಟು ನಮ್ಮೆಲ್ಲರಿಗೂ ಗೊತ್ತು. ಆದರೆ ಇದೇ ಕತೆಯ ಉತ್ತರಾರ್ಧವು ಜಿನೀವಾ ನಗರದಲ್ಲಿ ನಡೆಯಿತೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಬಹುಕಾಲ ನಾಶವಾಗದೆ ನೆಲ, ನೀರು, ಒಡಲುಗಳಲ್ಲಿ ಉಳಿಯುವ ವಿಷಗಳನ್ನು ಕುರಿತು 2001ರಲ್ಲಿ ಸ್ಟಾಕ್‌ಹೋಮಿನಲ್ಲಿ ರಾಷ್ಟ್ರಗಳು ಒಂದು ಒಪ್ಪಂದವನ್ನು ಮಾಡಿಕೊಂಡವು. 2004ರಲ್ಲಿ ಅದು ಜಾರಿಗೆ ಬಂದಿತು. 2006ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ಈ ಒಪ್ಪಂದಕ್ಕೆ ಅನುಬಂಧಗಳಿವೆ. 'ಎ' ಅನುಬಂಧದಲ್ಲಿ ಸೇರಿದ ವಿಷವನ್ನು ನಿರ್ಮೂಲ ಮಾಡತಕ್ಕದ್ದು. 'ಬಿ' ಅನುಬಂಧದಲ್ಲಿ ಸೇರಿದುದನ್ನು ನಿರ್ಬಂಧಿಸಿದರೆ ಸಾಕು. ಮಕ್ಕಳೇ, ಗಮನಿಸಿರಿ: ಒಂದೇ ಅಕ್ಷರದ ಅಂತರ. ಆ ಒಂದಕ್ಷರಕ್ಕಾಗಿ ವರ್ಷಗಟ್ಟಲೆ ವಾದ ನಡೆಯುತ್ತದೆ.

ಎಂಡೋಸಲ್ಫಾನನ್ನು ಪಟ್ಟಿಗೆ ಸೇರಿಸಬೇಕೆಂದು ಯೂರೋಪಿನ ಒಕ್ಕೂಟವು ಸೂಚಿಸಿತು. ವಿಷಯವು ತಜ್ಞರ ಸಮಿತಿಯ ಮುಂದೆ ಬಂದಿತು. ಅಲ್ಲಿ 2010ರಲ್ಲಿ ವಿರೋಧಿಸಿದವರಲ್ಲಿ ನಮ್ಮ ದೇಶವೇ ಮುಖ್ಯವಾದುದು ಎಂದು ಹೇಳಲು ನನಗೆ ಸಂಕೋಚವಾಗುತ್ತದೆ. ಆದರೆ ಮುಚ್ಚಿಡುವುದು ಅಧ್ಯಾಪಕನ ಧರ್ಮವಲ್ಲ. ಈ ಕೀಟನಾಶಕವನ್ನು ಜಗತ್ತಿನಲ್ಲಿ ಅತ್ಯಧಿಕವಾಗಿ ತಯಾರಿಸುತ್ತಿದ್ದ ದೇಶ ಭಾರತವಾಗಿತ್ತು. ಅಗ್ಗದ ಮದ್ದು ಇಲ್ಲವಾದರೆ ಬಡರೈತನ ಗತಿಯೇನೆಂಬ ಪ್ರಶ್ನೆಯನ್ನೂ ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಕೊನೆಗೆ 2011ರ ಏಪ್ರಿಲಿನಲ್ಲಿ ಜಿನೀವಾದ ಸಮ್ಮೇಳನವು ಅದನ್ನು 'ಎ' ಅನುಬಂಧಕ್ಕೆ ಸೇರಿಸಿತು. ಕೆಲವು ಬೆಳೆಗಳಿಗೆ ಕೆಲವು ವರ್ಷಗಳ ವಿನಾಯಿತಿ ಉಳಿಯಿತು. ಆ ಷರತ್ತಿನ ಮೇಲೆ ಭಾರತವೂ ಒಪ್ಪಿತು. ಮರುತಿಂಗಳೇ ನಮ್ಮ ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದರ ತಯಾರಿಕೆಯನ್ನೂ ಮಾರಾಟವನ್ನೂ ಬಳಕೆಯನ್ನೂ ತಡೆದು ಆಜ್ಞೆಯಿತ್ತಿತು.

ಹಿರಿಯರೇ, ನಿಮ್ಮ ಮೊಮ್ಮಗಳು ಓದಬೇಕೆನ್ನುವ ವಿದ್ಯೆ ಇದೇ. ಯಾವ ರಾಷ್ಟ್ರ ಯಾವುದಕ್ಕೆ ಒಪ್ಪುತ್ತದೆ, ಏಕೆ ಒಪ್ಪುತ್ತದೆ, ಒಪ್ಪಿದ್ದನ್ನು ನಡೆಸಿಕೊಡುವಂತೆ ಮಾಡುವವರು ಯಾರು ಎಂಬುದನ್ನು ಅದು ವಿಚಾರಿಸುತ್ತದೆ. ಕೊಲ್ಲಿಯ ನಾಡುಗಳಲ್ಲಿ ದುಡಿಯುವವರಿಲ್ಲದ ಊರು ನಮ್ಮ ಜಿಲ್ಲೆಯಲ್ಲಿದೆಯೇ? 1990ರಲ್ಲಿ ಇರಾಕು ಕುವೈತನ್ನು ಆಕ್ರಮಿಸಿದಾಗ ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಆ ಕಾರ್ಯದ ಹಿಂದೆ ವಿಮಾನಗಳಷ್ಟೇ ಅಲ್ಲ, ಮಾತುಕತೆಯೂ ಇತ್ತು.

ಈ ವಿದ್ಯೆ ಹಳೆಯದೇನೂ ಅಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ವಿದ್ಯಾರ್ಥಿಗಳ ನೆನಪಿಗಾಗಿ ಡೇವಿಡ್ ಡೇವಿಸ್ ಮತ್ತು ಅವರ ಸೋದರಿಯರು ಕೊಟ್ಟ ದತ್ತಿಯಿಂದ 1919ರಲ್ಲಿ ವೇಲ್ಸಿನ ಅಬರಿಸ್ಟ್ವಿತ್ ಎಂಬ ಕಡಲತಡಿಯ ಊರಿನಲ್ಲಿ ಇದರ ಮೊದಲ ಪೀಠವು ಸ್ಥಾಪಿತವಾಯಿತು. ದೆಹಲಿಯಲ್ಲಿ 1955ರಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಅಧ್ಯಯನ ಶಾಲೆಯು 1970ರಲ್ಲಿ ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯದಲ್ಲಿ ಸೇರಿತು. ಅಷ್ಟು ದೂರ ಏಕೆ? ನಮ್ಮ ಪೆರಿಯದಲ್ಲಿರುವ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿಯೇ ಇದರ ವಿಭಾಗವಿದೆ. ಪದವಿಯ ಮಟ್ಟದಲ್ಲಿ ಇದನ್ನು ಪ್ರತ್ಯೇಕವಾಗಿ ಕಲಿಸುವ ಕಾಲೇಜುಗಳು ಕಡಮೆ. ಚರಿತ್ರೆ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳಲ್ಲಿ ಒಂದನ್ನು ಚೆನ್ನಾಗಿ ಓದಿ ಬಂದವರು ಸ್ನಾತಕೋತ್ತರ ತರಗತಿಯಲ್ಲಿ ಇದನ್ನು ಹಿಡಿಯಬಹುದು.

ಉದ್ಯೋಗದ ಮಾತು. ವಿದೇಶಾಂಗ ಸೇವೆಗೆ ಇಡೀ ದೇಶದಿಂದ ವರ್ಷಕ್ಕೆ ನೂರು ಮಂದಿಯೂ ಆಯ್ಕೆಯಾಗುವುದಿಲ್ಲ. ಅದೊಂದನ್ನೇ ನಂಬಿ ಈ ವಿಷಯಕ್ಕೆ ಬರಬೇಡಿರೆಂದು ಸ್ಪಷ್ಟವಾಗಿ ಹೇಳುತ್ತೇನೆ. ಅಧ್ಯಾಪನ, ಪತ್ರಿಕಾವೃತ್ತಿ, ರಫ್ತು ವ್ಯಾಪಾರ, ಸೇವಾಸಂಸ್ಥೆಗಳು ಇವು ಇತರ ದಾರಿಗಳು. ಇವುಗಳಲ್ಲಿ ಯಾವುದೂ ತಾನಾಗಿ ಬಾಗಿಲು ತೆರೆಯುವುದಿಲ್ಲ.

ಕನ್ನಡ ಮಾಧ್ಯಮದವರಿಗೆ ಇದು ಸಾಧ್ಯವೇ ಎಂಬ ಅಳುಕು ತಾಯ್ತಂದೆಗಳಲ್ಲಿ ಇದೆ. ಇಂಗ್ಲಿಷ್ ಬೇಕು, ಇದರಲ್ಲಿ ಎರಡು ಮಾತಿಲ್ಲ. ಅದನ್ನು ಎಂಟನೆಯ ತರಗತಿಯಿಂದಲೇ ಪ್ರತಿದಿನ ಒಂದು ಪುಟದಂತೆ ಓದಿ ಗಳಿಸಬೇಕು. ಆದರೆ ಕೇಂದ್ರ ಲೋಕಸೇವಾ ಆಯೋಗದ ಮುಖ್ಯಪರೀಕ್ಷೆಯ ಬಹುಭಾಗವನ್ನು ಕನ್ನಡದಲ್ಲಿ ಬರೆಯಬಹುದೆಂಬುದನ್ನೂ ತಿಳಿದಿರಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಟಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲೆಯಾಳ ಹೀಗೆ ದಿನಕ್ಕೆ ಮೂರು ಭಾಷೆಗಳ ನಡುವೆ ಓಡಾಡುವ ನಮ್ಮ ಮಕ್ಕಳಿಗೆ ನಾಲ್ಕನೆಯದು ಭೂತವಲ್ಲ. ಮಂಜೇಶ್ವರದ ಗೋವಿಂದ ಪೈಗಳು ತಮ್ಮ ಮನೆಯಲ್ಲಿ ಕುಳಿತೇ ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು.

ಸಭೆ ಮುಗಿದ ಮೇಲೆ ಆ ಹಿರಿಯರು ಮೊಮ್ಮಗಳನ್ನು ಕರೆದುಕೊಂಡು ನನ್ನನ್ನು ಕಾಣಬೇಕೆಂದು ಕೋರುತ್ತೇನೆ. ಜಿನೀವಾದ ಆ ನಿರ್ಣಯದ ಪ್ರತಿಯೊಂದು ನನ್ನಲ್ಲಿದೆ. ಇಂಗ್ಲಿಷಿನಲ್ಲಿದೆ, ದೊಡ್ಡದೇನಲ್ಲ. ಅವಳು ಅದನ್ನು ಓದಿ ಅಜ್ಜನಿಗೆ ಕನ್ನಡದಲ್ಲಿ ಹೇಳಲಿ.