ಇರುಳು ಕಾವಲಿಗೆ ತಕ್ಕ ದೀಪಗಳು

(ಕುರಿಹಟ್ಟಿ ಮತ್ತು ಕೊಟ್ಟಿಗೆಗಳನ್ನು ಹಿಂಸ್ರಮೃಗಗಳಿಂದ ಕಾಯುವ ವಿಷಯದಲ್ಲಿ ಮಾಡಿದ ಭಾಷಣ)



ಒಂದು ಇರುಳು ತೋಳಗಳು ಹಟ್ಟಿಗೆ ಬಿದ್ದರೆ ಒಂದು ಸಂಸಾರದ ವರ್ಷದ ಜೀವನವೇ ಹೋಗಬಹುದು. ಕೊಟ್ಟಿಗೆಯ ರುಚಿ ಕಂಡ ಚಿರತೆಯು ಅದೇ ದಾರಿಯಲ್ಲಿ ಮರಳಿ ಬರುವುದುಂಟು. ಈ ಕಷ್ಟವನ್ನು ಬಯಲುಸೀಮೆಯ ಕುರಿಗಾರರೂ ಮಲೆನಾಡಿನ ಹಿಡುವಳಿದಾರರೂ ಚೆನ್ನಾಗಿ ಬಲ್ಲರು. ಬಿತ್ತನೆಯ ಬೀಜವನ್ನು ಹತ್ತು ಬಾರಿ ನೋಡಿ ಆರಿಸುವ ರೈತನು ಕಾವಲಿನ ದೀಪವನ್ನು ಮಾತ್ರ ಅಂಗಡಿಯವನು ಕೊಟ್ಟಂತೆ ಕೊಂಡು ತರುವುದು ವಾಡಿಕೆಯಾಗಿದೆ. ದೀಪವು ಸರಿಯಿಲ್ಲದಿದ್ದರೆ ಕುರಿ ಹೋಗುವುದಷ್ಟೇ ಅಲ್ಲ. ನೆರೆಯವನ ಕರುವನ್ನು ಚಿರತೆಯೆಂದೂ, ಪೊದೆಯ ಮರೆಯಲ್ಲಿ ಕುಳಿತ ಮನುಷ್ಯನನ್ನು ಹಂದಿಯೆಂದೂ ಬಗೆದು ಅನಾಹುತವಾಗುವ ಸಂಭವವುಂಟು. ಕಾವಲಿನ ದೀಪವು ಮೊದಲು ಗುರುತಿಸುವುದಕ್ಕೆ, ಆಮೇಲೆ ಓಡಿಸುವುದಕ್ಕೆ. ಇದೇ ಈ ಭಾಷಣದ ಸಾರಾಂಶ.

ಹಿಂದಿನ ದೀಪಗಳು, ಈಗಿನ ಕಾಯಿದೆ

ದೊಂದಿ, ಪಂಜು, ಲಾಟೀನುಗಳ ತರುವಾಯ ಕಾರ್ಬೈಡ್ ದೀಪವೂ ಆಮೇಲೆ ಬ್ಯಾಟರಿಯ ಟಾರ್ಚೂ ಬಂದವು. ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದಾಗ ಏಳುವ ಅನಿಲವು ಬಿಳಿಯ ಜ್ವಾಲೆಯಾಗಿ ಉರಿಯುವುದನ್ನು ಹಿರಿಯರು ಕಂಡಿರುವರು. ಮೈಸೂರು ಸಂಸ್ಥಾನದ ಕಾಲದಲ್ಲಿ ಹುಲಿ ಚಿರತೆಗಳನ್ನು ಕೊಂದವರಿಗೆ ಸರ್ಕಾರದಿಂದ ಬಹುಮಾನವೂ ದೊರೆಯುತ್ತಿತ್ತು. ಆ ಕಾಲವು ಕಳೆದುಹೋಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಹುಲಿ, ಚಿರತೆ, ತೋಳ ಇವುಗಳನ್ನು ಕೊಲ್ಲುವುದೂ, ಬಲೆ ಉರುಳುಗಳಿಂದ ಹಿಡಿಯುವುದೂ, ವಿಷವಿಡುವುದೂ, ಹಾಗೆ ಪ್ರಯತ್ನಪಡುವುದೂ ಅಪರಾಧಗಳಾಗಿವೆ. ತನ್ನ ಅಥವಾ ಇನ್ನೊಬ್ಬ ಮನುಷ್ಯನ ರಕ್ಷಣೆಗಾಗಿ ಸದ್ಭಾವನೆಯಿಂದ ಮಾಡಿದ ಕೃತ್ಯಕ್ಕೆ ವಿನಾಯಿತಿಯುಂಟು. ಕುರಿ ದನಗಳ ರಕ್ಷಣೆಗೆ ಆ ವಿನಾಯಿತಿ ಇಲ್ಲ. ಆದಕಾರಣ ರೈತನಿಗೆ ಕೋವಿಗಿಂತ ಒಳ್ಳೆಯ ದೀಪವೂ ಗಟ್ಟಿಯಾದ ಹಟ್ಟಿಯೂ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಬೆಳಕಿನ ಅಳತೆ

ಅಂಗಡಿಯಲ್ಲಿ ದೀಪದ ಪೆಟ್ಟಿಗೆಯ ಮೇಲೆ ಮೂರು ಬಗೆಯ ಅಂಕಿಗಳಿರುತ್ತವೆ. ವ್ಯಾಟ್ ಎಂಬುದು ದೀಪವು ಎಷ್ಟು ವಿದ್ಯುಚ್ಛಕ್ತಿಯನ್ನು ಉಣ್ಣುವುದೆಂಬುದರ ಲೆಕ್ಕ. ಅದರಿಂದ ಬೆಳಕು ತಿಳಿಯುವುದಿಲ್ಲ. ಲ್ಯೂಮೆನ್ ಎಂಬುದು ದೀಪದಿಂದ ಹೊರಬೀಳುವ ಒಟ್ಟು ಬೆಳಕು. ಕ್ಯಾಂಡೆಲಾ ಎಂಬುದು ಒಂದೇ ದಿಕ್ಕಿಗೆ ಬೀಳುವ ಬೆಳಕಿನ ತೀಕ್ಷ್ಣತೆ. ಕೊಳದ ನೀರೆಲ್ಲ ಲ್ಯೂಮೆನ್ ಆದರೆ ತೂಬಿನಿಂದ ಚಿಮ್ಮುವ ಧಾರೆಯ ರಭಸವು ಕ್ಯಾಂಡೆಲಾ ಎಂದು ತಿಳಿಯಬಹುದು. ದೂರ ನೋಡಬೇಕಾದವನು ಕ್ಯಾಂಡೆಲಾವನ್ನು ಕೇಳಬೇಕು.

ಪೆಟ್ಟಿಗೆಯ ಮೇಲೆ ಬರೆದ ದೂರವನ್ನು ಲೆಕ್ಕ ಮಾಡುವ ಒಂದು ಪದ್ಧತಿಯುಂಟು. ಬೆಳಕು ಹುಣ್ಣಿಮೆಯ ಬೆಳದಿಂಗಳಿನಷ್ಟಕ್ಕೆ ಇಳಿಯುವ ಸ್ಥಳದವರೆಗಿನ ದೂರವೇ ಅದು. ಈ ಲೆಕ್ಕದಂತೆ 10,000 ಕ್ಯಾಂಡೆಲಾದ ದೀಪವು 200 ಮೀಟರು ಮುಟ್ಟುತ್ತದೆ. 400 ಮೀಟರು ಮುಟ್ಟಬೇಕಾದರೆ 20,000 ಸಾಲದು, 40,000 ಕ್ಯಾಂಡೆಲಾ ಬೇಕು. ದೂರವು ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುವುದೇ ಕಾರಣ. ಬೆಳದಿಂಗಳಿನಲ್ಲಿ ಏನೋ ಇದೆಯೆಂದು ಕಾಣುವುದೇ ಹೊರತು ನಾಯಿಯೋ ತೋಳವೋ ಎಂದು ನಿಶ್ಚಯವಾಗುವುದಿಲ್ಲ. ಆದಕಾರಣ ಬರೆದ ದೂರದಲ್ಲಿ ಅರ್ಧವನ್ನು ಮಾತ್ರ ನಂಬತಕ್ಕದ್ದು. ನೂರು ಮೀಟರಿನ ಹೊಲವನ್ನು ಕಾಯುವವನಿಗೆ 200 ಮೀಟರಿನ ದೀಪವು ಸಾಕು. ಹಟ್ಟಿಯ ಸುತ್ತ ತಿರುಗುವುದಕ್ಕೆ 100ರಿಂದ 150 ಲ್ಯೂಮೆನ್ ಇರುವ, ಬೆಳಕನ್ನು ಅಗಲವಾಗಿ ಹರಡುವ ದೀಪವೇ ಮೇಲು. ಕಿರಿದಾದ ತೀಕ್ಷ್ಣ ಧಾರೆಯು ಕಾಲ ಬಳಿಯ ಹಾವನ್ನು ತೋರಿಸದು.

ಕಣ್ಣಿನ ಹೊಳಪು

ಚಿರತೆ, ತೋಳ, ನರಿ ಇವುಗಳ ಕಣ್ಣಿನ ಒಳಪರೆಯ ಹಿಂದೆ ಕನ್ನಡಿಯಂತಹ ಒಂದು ಪದರವಿದೆ. ಹೊಕ್ಕ ಬೆಳಕನ್ನು ಅದು ಬಂದ ದಾರಿಗೇ ಹಿಂತಿರುಗಿಸುವುದರಿಂದ ಕತ್ತಲಲ್ಲಿ ಕಣ್ಣು ಕೆಂಡದಂತೆ ಹೊಳೆಯುತ್ತದೆ. ಬೆಳಕು ಬಂದ ದಾರಿಗೇ ಮರಳುವ ಕಾರಣ ದೀಪವನ್ನು ಸೊಂಟದ ಬಳಿ ಹಿಡಿದವನಿಗೆ ಈ ಹೊಳಪು ಸರಿಯಾಗಿ ಕಾಣುವುದಿಲ್ಲ. ಟಾರ್ಚನ್ನು ಕೆನ್ನೆಯ ಪಕ್ಕಕ್ಕೆ ಎತ್ತಿ ಹಿಡಿಯಬೇಕು, ಇಲ್ಲವೇ ಹಣೆಗೆ ಕಟ್ಟುವ ದೀಪವನ್ನು ಉಪಯೋಗಿಸಬೇಕು. ಮಂಜು ಕವಿದಿರುವಾಗ ಮಾತ್ರ ದೀಪವು ಕಣ್ಣಿಗೆ ಹತ್ತಿರವಿದ್ದರೆ ಎದುರಿಗೆ ಬಿಳಿಯ ಗೋಡೆ ಎದ್ದಂತಾಗುವುದು. ಆಗ ಕೈಯನ್ನು ಕೆಳಗಿಳಿಸುವುದು ಒಳ್ಳೆಯದು.

ಹೊಳಪನ್ನು ಕಂಡ ಮಾತ್ರಕ್ಕೆ ಹಿಂಸ್ರಮೃಗವೆಂದು ನಿಶ್ಚಯಿಸಬಾರದು. ದನ, ಕುರಿ, ಜಿಂಕೆ, ಹಟ್ಟಿಯ ನಾಯಿ ಇವುಗಳ ಕಣ್ಣುಗಳೂ ಹೊಳೆಯುತ್ತವೆ. ಹುಲ್ಲಿನಲ್ಲಿರುವ ಕೆಲವು ಜೇಡಗಳ ಕಣ್ಣು ಕೂಡ ಕಿಡಿಯಂತೆ ಮಿನುಗುವುದುಂಟು. ನೋಡುವ ಕೋನ ಬದಲಾದಂತೆ ಬಣ್ಣವೂ ಬದಲಾಗುವುದರಿಂದ ಹಸುರು ಇಂಥದು, ಕೆಂಪು ಇಂಥದು ಎಂಬ ಮಾತನ್ನು ನಂಬಲಾಗದು. ಇನ್ನೂ ಮುಖ್ಯವಾದ ಸಂಗತಿಯೆಂದರೆ ಹಂದಿಯ ಕಣ್ಣಿನಲ್ಲಾಗಲಿ ಮನುಷ್ಯನ ಕಣ್ಣಿನಲ್ಲಾಗಲಿ ಈ ಪದರವೇ ಇಲ್ಲ. ಬೆಳಕು ಬಿಟ್ಟಾಗ ಕಣ್ಣು ಹೊಳೆಯದೆ ಪೊದೆಯಲ್ಲಿ ಸದ್ದು ಮಾತ್ರ ಆದರೆ, ಅದು ಹಂದಿಯಾಗಿರುವಂತೆಯೇ ಮನುಷ್ಯನೂ ಆಗಿರಬಹುದು. ಮೈಯ ಆಕಾರ, ಬಾಲ, ನಡಿಗೆ ಇವು ಪೂರ್ತಿಯಾಗಿ ಕಾಣುವವರೆಗೆ ಕಲ್ಲನ್ನು ಸಹ ಬೀಸಬಾರದು; ಮೊದಲು ಕೂಗಿ ಕರೆಯತಕ್ಕದ್ದು.

ಕೆಂಪು ಬೆಳಕು

ಮನುಷ್ಯನ ಕಣ್ಣು ಕತ್ತಲಿಗೆ ಚೆನ್ನಾಗಿ ಒಗ್ಗುವುದಕ್ಕೆ ಸುಮಾರು ಅರ್ಧ ಗಂಟೆ ಬೇಕು. ಬಿಳಿಯ ಪ್ರಖರ ದೀಪವನ್ನು ಒಂದು ಕ್ಷಣ ನೋಡಿದರೂ ಆ ಶಕ್ತಿಯು ಕುಂದಿ ಮತ್ತೆ ಮೊದಲಿನಿಂದ ಕಾಯಬೇಕಾಗುತ್ತದೆ. ಗಾಢವಾದ ಕೆಂಪು ಬೆಳಕಿನಿಂದ ಈ ಹಾನಿಯು ಬಹಳ ಕಡಮೆ. ನಾಯಿ ಬೆಕ್ಕುಗಳ ಜಾತಿಯ ಪ್ರಾಣಿಗಳಿಗೂ ಕೆಂಪು ಬೆಳಕು ಮನುಷ್ಯನಿಗಿಂತ ಮಂದವಾಗಿ ಕಾಣುತ್ತದೆ. ಅಟ್ಟಣೆಯ ಮೇಲೆ ಕುಳಿತು ಕಾಯುವವನಿಗೆ ಕೆಂಪು ದೀಪವು ಅನುಕೂಲ. ಆದರೆ ಅದರಲ್ಲಿ ಬಣ್ಣಗಳ ಭೇದ ತಿಳಿಯದು. ಒಣಎಲೆಯ ಮೇಲೆ ಮಲಗಿದ ಕೊಳಕುಮಂಡಲವು ಎಲೆಯಂತೆಯೇ ತೋರಬಹುದು. ನಡೆಯುವಾಗ ಬಿಳಿಯ ದೀಪವೇ ಆಗಬೇಕು.

ಹಟ್ಟಿಯಲ್ಲಿ ಇಡುವ ದೀಪ

ಇಡೀ ರಾತ್ರಿ ಒಂದೇ ಕಡೆ ಉರಿಯುವ ದೀಪಕ್ಕೆ ಮೃಗಗಳು ಬೇಗ ಹೊಂದಿಕೊಳ್ಳುತ್ತವೆ. ಆಫ್ರಿಕದ ಕೀನ್ಯಾ ದೇಶದಲ್ಲಿ ನೈರೋಬಿಯ ಅಭಯಾರಣ್ಯದ ಅಂಚಿನಲ್ಲಿದ್ದ ರಿಚರ್ಡ್ ಟುರೆರೆ ಎಂಬ ಹುಡುಗನು ತಂದೆಯ ದನಗಳನ್ನು ಸಿಂಹಗಳಿಂದ ಕಾಯುವಾಗ ಇದನ್ನು ಕಂಡುಕೊಂಡನು. ಬೆಂಕಿಯೂ ಬೆದರುಬೊಂಬೆಯೂ ನಿಷ್ಫಲವಾದವು. ಅವನು ಟಾರ್ಚು ಹಿಡಿದು ಅಡ್ಡಾಡಿದ ರಾತ್ರಿ ಸಿಂಹಗಳು ಬರಲಿಲ್ಲ. ಹಳೆಯ ಕಾರಿನ ಬ್ಯಾಟರಿ, ಸೂರ್ಯಶಕ್ತಿಯ ಫಲಕ, ಮೋಟಾರ್ ಸೈಕಲ್ಲಿನ ಮಿನುಗುದೀಪದ ಯಂತ್ರ ಇವುಗಳಿಂದ ಅವನು ಮನುಷ್ಯನು ಅಡ್ಡಾಡಿದಂತೆ ತೋರುವ ದೀಪಗಳನ್ನು ಕಟ್ಟಿದನು. 2013ರಲ್ಲಿ ಅಮೆರಿಕದ ಒಂದು ಸಭೆಯಲ್ಲಿ ಅವನು ಇದನ್ನು ವಿವರಿಸಿದನು. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಮಿನುಗುದೀಪಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ವರದಿಯಂತೆ, ಪೂಮಾ ಎಂಬ ದೊಡ್ಡ ಬೆಕ್ಕಿನ ಜಾತಿಯ ಮೃಗವು ಆ ದೀಪಗಳಿಗೆ ಹೆದರಿತು. ಅಲ್ಲಿನ ನರಿಗಳು ಹೆದರಲಿಲ್ಲ. ಎಲ್ಲ ಮೃಗಗಳಿಗೂ ಒಂದೇ ಮದ್ದು ಇಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ದೀಪವನ್ನು ಮೃಗಗಳು ಬರುವ ದಿಕ್ಕಿಗೆ ತಿರುಗಿಸಿ ಇಡಬೇಕು, ಕೆಲವು ದಿನಗಳಿಗೊಮ್ಮೆ ಸ್ಥಳ ಬದಲಾಯಿಸಬೇಕು, ನಾಯಿಯನ್ನೂ ಕಾವಲುಗಾರನನ್ನೂ ಬಿಡಬಾರದು. ಚಿರತೆಯ ಭಯವಿರುವ ಕಡೆ ಕೊಟ್ಟಿಗೆಗೆ ಮೇಲ್ಮುಚ್ಚಿಗೆಯೂ ಭದ್ರವಾದ ಬಾಗಿಲೂ ಇಲ್ಲದಿದ್ದರೆ ಯಾವ ದೀಪವನ್ನೂ ನಂಬುವಂತಿಲ್ಲ.

ಬ್ಯಾಟರಿಯ ವಿಚಾರ

ಈಗಿನ ಟಾರ್ಚುಗಳಲ್ಲಿ 18650 ಎಂಬ ಗುರುತಿನ ಲಿಥಿಯಂ ಸೆಲ್ಲುಗಳು ಬಳಕೆಯಲ್ಲಿವೆ. 18 ಮಿಲಿಮೀಟರು ದಪ್ಪ, 65 ಮಿಲಿಮೀಟರು ಉದ್ದ ಎಂಬುದೇ ಆ ಅಂಕಿಯ ಅರ್ಥ. ಈ ಅಳತೆಯ ಒಳ್ಳೆಯ ಸೆಲ್ಲಿನಲ್ಲಿ ಸಾಮಾನ್ಯವಾಗಿ 2,000ದಿಂದ 3,500 ಮಿಲಿ ಆಂಪಿಯರ್ ಗಂಟೆಯ ಶಕ್ತಿ ಹಿಡಿಯುತ್ತದೆ. ಮೇಲೆ 9,900 ಎಂದು ಅಚ್ಚಾಗಿದ್ದರೆ ಅದು ಸುಳ್ಳೆಂದು ತಿಳಿದು ಬಿಟ್ಟುಬಿಡತಕ್ಕದ್ದು. ಬಿಡಿ ಸೆಲ್ಲನ್ನು ನಾಣ್ಯ, ಬೀಗದಕೈಗಳೊಡನೆ ಜೇಬಿನಲ್ಲಿಟ್ಟರೆ ಬೆಂಕಿಯ ಅಪಾಯವುಂಟು. ಕಾವಲಿಗೆ ಹೋಗುವವನ ಬಳಿ ಎರಡನೆಯ ಚಿಕ್ಕ ದೀಪವೊಂದು ಇದ್ದೇ ಇರಬೇಕು.

ಮುಖಂಡರು ಮಾಡತಕ್ಕದ್ದು

ಚಿರತೆಯು ಕಂಡಾಗ ಊರಿನವರೆಲ್ಲ ದೀಪ ಹಿಡಿದು ಸುತ್ತುಗಟ್ಟುವುದನ್ನು ಮುಖಂಡರು ತಡೆಯಬೇಕು. ದಾರಿ ಕಾಣದ ಚಿರತೆಯು ಮನುಷ್ಯರ ಮೇಲೆ ಬೀಳುತ್ತದೆ. ಅದು ಹೋಗುವುದಕ್ಕೆ ಕತ್ತಲೆಯ ಒಂದು ಕಡೆಯನ್ನು ತೆರವಾಗಿ ಬಿಡಬೇಕು. ಹಟ್ಟಿಯಿಂದ ಆಚೆ ಹೋದದ್ದನ್ನು ಬೆನ್ನಟ್ಟಬಾರದು. ಕುರಿಯೋ ಕರುವೋ ಸತ್ತಿದ್ದರೆ ಕಳೇಬರವನ್ನು ಕದಲಿಸದೆ ಅರಣ್ಯ ಇಲಾಖೆಗೆ ಕೂಡಲೆ ತಿಳಿಸಿದಲ್ಲಿ ಪರಿಶೀಲನೆಯ ಮೇಲೆ ಪರಿಹಾರ ದೊರೆಯುತ್ತದೆ. ಸಿಟ್ಟಿನಿಂದ ಕಳೇಬರಕ್ಕೆ ವಿಷ ಹಾಕಿದವನು ಪರಿಹಾರವನ್ನು ಕಳೆದುಕೊಂಡು ಶಿಕ್ಷೆಗೂ ಗುರಿಯಾಗುವನು. ಆ ವಿಷವನ್ನು ಮೊದಲು ತಿಂದು ಸಾಯುವುದು ಊರಿನ ನಾಯಿಯೇ ಆಗಿರಬಹುದು.

ಪ್ರತಿ ಮನೆಯವನೂ ದೂರ ನೋಡುವ ದೊಡ್ಡ ದೀಪವನ್ನು ಕೊಳ್ಳಬೇಕಾದ ಅಗತ್ಯವಿಲ್ಲ. ಅಂತಹದು ಊರಿಗೆ ಒಂದೆರಡು ಇದ್ದು ಕಾವಲಿನ ಸರದಿಯವರ ಕೈಗೆ ಬಂದರೆ ಸಾಕು. ದಾರಿ ನಡೆಯುವ ಚಿಕ್ಕ ದೀಪವು ಮಾತ್ರ ಇರುಳು ಹೊರಗೆ ಹೋಗುವ ಪ್ರತಿಯೊಬ್ಬನ ಬಳಿಯೂ ಇರತಕ್ಕದ್ದು. ಈ ಏರ್ಪಾಡನ್ನು ಕುರಿಗಳು ಮರಿ ಹಾಕುವ ಕಾಲಕ್ಕೆ ಮುಂಚೆಯೇ ಮಾಡಿಕೊಂಡ ಗ್ರಾಮದಲ್ಲಿ ಮಂದೆಗೂ ಕಾಯುವವರಿಗೂ ಕ್ಷೇಮವುಂಟು.