ಮಿರಜದಲ್ಲಿ ಸತ್ತವರು, ಶಿರಗುಪ್ಪಿಯಲ್ಲಿ ಎಣಿಕೆಯಾದವರು



ಪ್ರದರ್ಶನದ ಉದ್ಘಾಟನೆಗೆ ಕರೆದರೆ ಸಾವಿನ ಮಾತು ತೆಗೀತಾರಲ್ಲ ಎಂದು ಯಾರಿಗಾದರೂ ಅನ್ನಿಸಿದರೆ ದೂರು ನನ್ನ ಮೇಲೆ ಬೇಡ. ಆರೋಗ್ಯ ಮತ್ತು ದಾಖಲೆಗಳ ಪ್ರದರ್ಶನ ಎಂದು ಹೆಸರಿಟ್ಟವರು ನೀವೇ. ಜನರ ಆರೋಗ್ಯದ ಬಗ್ಗೆ ಸಾವಿನ ದಾಖಲೆ ಹೇಳುವಷ್ಟು ನಿಷ್ಠುರ ಸತ್ಯವನ್ನು ಬೇರೆ ಯಾವ ಕಾಗದವೂ ಹೇಳುವುದಿಲ್ಲ.

ನಮ್ಮ ಶಿರಗುಪ್ಪಿಯ ಕಡೆ ರೋಗ ಬಿಗಡಾಯಿಸಿತೆಂದರೆ ಮೊದಲು ಬಾಯಿಗೆ ಬರುವ ಹೆಸರು ಗಡಿಯಾಚೆಯ ಮಿರಜ. 1894ರಲ್ಲಿ ಡಾಕ್ಟರ್ ವಾನ್ಲೆಸ್ ಅಲ್ಲಿ ಆಸ್ಪತ್ರೆ ತೆಗೆದಾಗಿನಿಂದ ಕೃಷ್ಣೆಯ ಎರಡೂ ದಂಡೆಯ ಜನ ಅಲ್ಲಿಗೇ ಓಡುತ್ತ ಬಂದಿದ್ದಾರೆ. ಶೇಡಬಾಳ, ಉಗಾರದಲ್ಲಿ ಹತ್ತಿದ ರೈಲೂ ಅಲ್ಲಿಗೇ ಮುಟ್ಟಿಸುತ್ತದೆ. ಹೋದವರೆಲ್ಲ ಗುಣವಾಗಿ ತಿರುಗಿ ಬರುವುದಿಲ್ಲ. ಅಲ್ಲಿ ಪ್ರಾಣ ಹೋದರೆ ಸಾವು ನೋಂದಣಿಯಾಗುವುದೂ ಅಲ್ಲೇ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ಎಲ್ಲಿ ಸಂಭವಿಸಿತೋ ಅಲ್ಲಿಯ ಪುಸ್ತಕಕ್ಕೆ ಅದು ಸೇರಬೇಕು. ಬದುಕಿದ್ದಾಗ ಜನಗಣತಿಯವರು ಅವರನ್ನು ಎಣಿಸಿದ್ದು ಮಾತ್ರ ಶಿರಗುಪ್ಪಿಯಲ್ಲಿ. ಎಣಿಕೆ ಕರ್ನಾಟಕದ್ದು, ಸಾವು ಮಹಾರಾಷ್ಟ್ರದ್ದು. ಒಂದು ಪುಸ್ತಕದಲ್ಲಿ ಹೆಸರು ಕನ್ನಡದ ಉಚ್ಚಾರದಲ್ಲಿ, ಇನ್ನೊಂದರಲ್ಲಿ ಮರಾಠಿಯ ಉಚ್ಚಾರದಲ್ಲಿ. ಈ ಎರಡು ಪುಸ್ತಕಗಳು ಒಂದರ ಮುಖ ಇನ್ನೊಂದು ಎಂದೂ ನೋಡಿಲ್ಲ.

ಮರಣ ಪ್ರಮಾಣ ಅನ್ನುವುದು ಒಂದು ಭಾಗಾಕಾರ. ಮೇಲೆ ಸತ್ತವರ ಸಂಖ್ಯೆ, ಕೆಳಗೆ ಬದುಕಿದ್ದವರ ಸಂಖ್ಯೆ. ಮೇಲಿನದು ಮರಣ ನೋಂದಣಿಯಿಂದ ಬರಬೇಕು, ಕೆಳಗಿನದು ಜನಗಣತಿಯಿಂದ. ಪರಿಶಿಷ್ಟ ಪಂಗಡಗಳಾದ ಬೇಡರು, ಸೋಲಿಗರು, ಜೇನುಕುರುಬರು ಎಷ್ಟನೇ ವಯಸ್ಸಿಗೆ ಸಾಯುತ್ತಿದ್ದಾರೆ ಎಂದು ತಿಳಿಯಬೇಕಾದರೆ ಒಬ್ಬನೇ ಮನುಷ್ಯ ಎರಡು ಕಡೆಯೂ ಒಂದೇ ಗುರುತಿನಲ್ಲಿ ಸಿಗಬೇಕು. ನಮ್ಮಲ್ಲಿ ಹಾಗೆ ಸಿಗುವುದಿಲ್ಲ. ಮರಣ ವರದಿಯ ಫಾರ್ಮು ಸತ್ತವರ ಧರ್ಮ ಕೇಳುತ್ತದೆ, ಉದ್ಯೋಗ ಕೇಳುತ್ತದೆ, ಬೀಡಿ ಸೇದುತ್ತಿದ್ದರೋ ತಂಬಾಕು ಅಗಿಯುತ್ತಿದ್ದರೋ ಅದನ್ನೂ ಕೇಳುತ್ತದೆ. ಪರಿಶಿಷ್ಟ ಪಂಗಡದವರೋ ಎಂದು ಕೇಳುವುದಿಲ್ಲ.

ನ್ಯೂಜಿಲೆಂಡಿನಲ್ಲೂ ಇಂಥದೇ ತೊಡಕಿತ್ತು. ಅಲ್ಲಿಯ ಮೂಲನಿವಾಸಿಗಳು ಮಾವೊರಿಗಳು. ಜನಗಣತಿಯಲ್ಲಿ ತಾನು ಮಾವೊರಿ ಎಂದು ಬರೆಸಿದವನೇ ಸತ್ತಾಗ ಮರಣ ದಾಖಲೆಯಲ್ಲಿ ಬೇರೆ ಏನೋ ಆಗಿರುತ್ತಿದ್ದ, ಏಕೆಂದರೆ ಅಲ್ಲಿ ಅವನ ಗುರುತು ಬರೆಸುತ್ತಿದ್ದವರು ಬೇರೆಯವರು. ಒಟಾಗೊ ವಿಶ್ವವಿದ್ಯಾಲಯದ ಟೋನಿ ಬ್ಲೇಕ್ಲಿ ಮತ್ತು ಸಂಗಡಿಗರು ಅಲ್ಲಿಯ ಜನಗಣತಿಗಳನ್ನು ಮುಂದಿನ ಮೂರು ವರ್ಷಗಳ ಮರಣ ದಾಖಲೆಗಳ ಜೊತೆ ಜೋಡಿಸಿ ನೋಡಿದರು. ಅದರಲ್ಲಿ ಹೆಸರನ್ನು ಬಳಸಲೇ ಇಲ್ಲ. ಹುಟ್ಟಿದ ದಿನ, ಲಿಂಗ, ವಾಸದ ಪ್ರದೇಶ ಇಂಥವುಗಳ ಹೊಂದಾಣಿಕೆಯಿಂದಲೇ ಕೆಲಸ ಸಾಗಿತು. ಎಂಬತ್ತರ ದಶಕದ ಮಾವೊರಿ ಸಾವುಗಳನ್ನು ಸರ್ಕಾರಿ ಲೆಕ್ಕ ಗಣನೀಯವಾಗಿ ಕಡಿಮೆ ತೋರಿಸುತ್ತಿತ್ತು ಎಂದು ಅದರಿಂದ ಹೊರಬಿತ್ತು. ಆವರೆಗೆ ಮಾವೊರಿಗಳ ಮತ್ತು ಉಳಿದವರ ಮರಣ ಪ್ರಮಾಣದ ಅಂತರ ಸಣ್ಣದಾಗಿ ಕಂಡದ್ದು ಆರೋಗ್ಯ ಸುಧಾರಿಸಿ ಅಲ್ಲ, ಬರವಣಿಗೆ ಕೆಟ್ಟು.

ನಮ್ಮಲ್ಲಿ ಭಾಗಾಕಾರದ ಕೆಳಗಿನ ಸಂಖ್ಯೆಯೇ ಕುಣಿದಾಡಿದೆ. 1971ರಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡದವರು ಸುಮಾರು 2.31 ಲಕ್ಷ. 1981ರಲ್ಲಿ 18.25 ಲಕ್ಷ. ಹತ್ತು ವರ್ಷದಲ್ಲಿ ಎಂಟುಪಟ್ಟು ಹೆರುವ ತಾಯಂದಿರು ಎಲ್ಲೂ ಇಲ್ಲ. ಪಂಗಡಗಳ ಪಟ್ಟಿಗಿದ್ದ, ಇಂತಿಂಥ ಪ್ರದೇಶದವರು ಮಾತ್ರ ಎಂಬ ಮಿತಿಯನ್ನು 1976ರಲ್ಲಿ ತೆಗೆದರು, ಸಂಖ್ಯೆ ಹಾರಿತು. 1991ರಲ್ಲಿ ನಾಯಕರ ಜೊತೆಗೆ ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳೂ ಪಟ್ಟಿ ಸೇರಿದವು. ಆ ವರ್ಷದ ಗಣತಿಯ 19 ಲಕ್ಷ, 2001ಕ್ಕೆ 34 ಲಕ್ಷ ದಾಟಿತು. ಗಡಿಯಾಚೆಗೆ ಹೋದರೆ ಅದೇ ಬೇಡರು ಬೇರಡರಾಗುತ್ತಾರೆ, ಅಲ್ಲಿ ಅವರು ಪರಿಶಿಷ್ಟ ಪಂಗಡದವರೇ ಅಲ್ಲ, ವಿಮುಕ್ತ ಜಾತಿಯವರು. ಗಂಡನ ಮನೆ ಆಚೆ, ತವರುಮನೆ ಈಚೆ ಇರುವ ಹೆಣ್ಣುಮಗಳನ್ನು ಯಾವ ಲೆಕ್ಕಕ್ಕೆ ಹಿಡಿಯೋಣ?

ಹಾಗಾದರೆ ನಮಗೆ ಏನೂ ಗೊತ್ತಿಲ್ಲವೇ? ಮಕ್ಕಳದು ಸ್ವಲ್ಪ ಗೊತ್ತಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಪರಿಶಿಷ್ಟ ಪಂಗಡಗಳಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಐದು ವರ್ಷ ತುಂಬುವ ಮೊದಲೇ ಸುಮಾರು 50 ಮಕ್ಕಳು ತೀರಿಕೊಳ್ಳುತ್ತಿದ್ದರು. ಒಟ್ಟು ದೇಶದಲ್ಲಿ ಸುಮಾರು 42. ತಾಯಂದಿರನ್ನು ಕೂರಿಸಿಕೊಂಡು, ಎಷ್ಟು ಹೆತ್ತಿರಿ, ಎಷ್ಟು ಉಳಿದವು ಎಂದು ಕೇಳಿ ಬರೆದ ಲೆಕ್ಕ ಅದು. ನಲವತ್ತೈದಕ್ಕೆ ಎದೆ ಹಿಡಿದು ಬಿದ್ದ ಗಂಡನ ಲೆಕ್ಕ ಆ ಪ್ರಶ್ನೆಗೆ ಸಿಗದು. ದೊಡ್ಡವರ ಸಾವಿಗೆ ನೋಂದಣಿ ಪುಸ್ತಕವೇ ಬೇಕು.

ಪುಸ್ತಕಕ್ಕೆ ಯಾರ ಸಾವು ಸೇರುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೊಲದ ಉತಾರದಲ್ಲಿ ವಾರಸಾ ಹಚ್ಚಬೇಕು, ವಿಮೆ ಹಣ ಬರಬೇಕು, ಪಿಂಚಣಿ ಬದಲಾಗಬೇಕು ಅಂದಾಗ ನಾವು ಮರಣ ಪತ್ರ ಹುಡುಕಿಕೊಂಡು ತಲಾಟಿಯವರ ಹತ್ತಿರ ಹೋಗುತ್ತೇವೆ. ಹೊಲವಿಲ್ಲದವರು ಯಾತಕ್ಕೆ ಹೋದಾರು? ಸೊಸೆ ಸತ್ತರೆ, ಹಸುಗೂಸು ಸತ್ತರೆ ಯಾವ ವಾರಸಾ ಇದೆ? ಕಾರ್ಖಾನೆ ಸುರುವಾದಾಗ ಕಬ್ಬು ಕಡಿಯಲು ದೂರದಿಂದ ಬರುವ ಟೋಳಿಗಳನ್ನು ನೆನೆಯಿರಿ. ಗುಡಿಸಲಲ್ಲಿ ಯಾರಾದರೂ ತೀರಿಕೊಂಡರೆ ಹೆಣವನ್ನು ರಾತ್ರೋರಾತ್ರಿ ಊರಿಗೆ ಸಾಗಿಸುತ್ತಾರೆ. ಸಾವು ಇಲ್ಲಿಯದು, ಮಣ್ಣು ಅಲ್ಲಿಯದು. ಎರಡೂ ಕಡೆ ಬರೆಯದೆ ಹೋಗುವುದು ತೀರ ಸುಲಭ. ಆಸ್ತಿ ಇದ್ದವರ ಸಾವು ದಾಖಲೆಯಾಗುತ್ತದೆ, ಬಡವರ ಸಾವು ಜಾರಿಹೋಗುತ್ತದೆ. ಆಮೇಲೆ ಲೆಕ್ಕ ಮಾಡಿದರೆ ಬಡವರೇ ಕಡಿಮೆ ಸಾಯುತ್ತಾರೆ ಎಂದು ಕಾಗದ ಹೇಳೀತು!

2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಜನನ ಮರಣಗಳಿಗೆ ರಾಷ್ಟ್ರಮಟ್ಟದ ದತ್ತಾಂಶ ಸಂಗ್ರಹ ಬಂತು. ಅದನ್ನು ಮತದಾರರ ಪಟ್ಟಿ, ಆಧಾರ್, ರೇಷನ್ ಕಾರ್ಡು ನೋಡಿಕೊಳ್ಳುವವರಿಗೆ ಕೊಡಬಹುದು. ಆಸ್ಪತ್ರೆಯವರು ಸಾವಿನ ಕಾರಣದ ಪ್ರಮಾಣಪತ್ರದ ಒಂದು ಪ್ರತಿಯನ್ನು ಹತ್ತಿರದ ಬಂಧುವಿಗೂ ಕೊಡಬೇಕು. ಇದು ಒಳ್ಳೆಯ ಮಾತು, ಕೇಳಿ ಪಡೆಯಿರಿ. ಆದರೆ ನೋಡಿ, ಸತ್ತವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುವ ಜೋಡಣೆಗೆ ದಾರಿಯಾಯಿತು. ಯಾವ ಸಮುದಾಯ ಯಾಕೆ ಬೇಗ ಸಾಯುತ್ತಿದೆ ಎಂದು ಅರಿಯುವ ಜೋಡಣೆಗೆ ಇನ್ನೂ ದಾರಿಯಿಲ್ಲ. ಏಕೆಂದರೆ ಜನಗಣತಿ ಕಾಯ್ದೆಯ 15ನೇ ಕಲಮಿನಂತೆ ಒಬ್ಬೊಬ್ಬರ ಗಣತಿ ದಾಖಲೆ ಗುಟ್ಟಾಗಿರುತ್ತದೆ.

ಆ ಗುಟ್ಟನ್ನು ನಾನು ಹಗುರವಾಗಿ ನೋಡುವವನಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೂಡ ಪಟ್ಟಿ ಮಾಡಿಯೇ ಸುರುವಾದದ್ದು. ಹೆಸರು ಬರೆಸಿಕೊಂಡವರು ಪೊಲೀಸರಿಗೆ ಹಾಜರಿ ಹಾಕುತ್ತ ಬದುಕಬೇಕಾಯಿತು. 1952ರಲ್ಲಿ ಅದು ರದ್ದಾಗುವ ಹೊತ್ತಿಗೆ ಎಷ್ಟೋ ತಲೆಮಾರು ಹಾಳಾಗಿದ್ದವು. ಅಂಥ ಮನೆಗಳ ಅಜ್ಜಂದಿರು ಇವತ್ತಿಗೂ ಫಾರ್ಮು ಕಂಡರೆ ಹಿಂಜರಿದರೆ ತಪ್ಪೇನಿಲ್ಲ. ಅದಕ್ಕೇ ಹೆಸರಿಲ್ಲದ ಜೋಡಣೆ ಬೇಕು, ಕಾನೂನಿನ ಕಾವಲು ಬೇಕು, ಆ ಸಮುದಾಯದವರೇ ಕಾವಲಿಗೆ ಕೂತಿರಬೇಕು. 2027ರ ಮಾರ್ಚ್ 1ನ್ನು ಲೆಕ್ಕದ ದಿನವಾಗಿಟ್ಟುಕೊಂಡ ಗಣತಿಯಲ್ಲಿ, 1931ರ ನಂತರ ಮೊದಲ ಸಲ ಎಲ್ಲ ಜಾತಿಗಳನ್ನೂ ಬರೆದುಕೊಳ್ಳುತ್ತಾರೆ. ಜೋಡಣೆಯ ಬಗ್ಗೆ ತಜ್ಞರು, ಶಾಸಕರು ತೀರ್ಮಾನ ಮಾಡುವ ಕಾಲ ಅದೇ.

ಅವರು ತೀರ್ಮಾನ ಮಾಡುವ ತನಕ ಶಿರಗುಪ್ಪಿಯ ಕೆಲಸವಿದೆ. 21 ದಿನದೊಳಗೆ ಸಾವನ್ನು ತಿಳಿಸಿ. ಮಿರಜದಲ್ಲಿ ಫಾರ್ಮು ತುಂಬುವಾಗ ವಾಸದ ಊರು ಎಂಬ ಕಡೆ ಅಲ್ಲಿಯ ನೆಂಟರ ವಿಳಾಸ ಕೊಡಬೇಡಿ. ಶಿರಗುಪ್ಪಿ, ಕಾಗವಾಡ ತಾಲೂಕು, ಬೆಳಗಾವಿ ಜಿಲ್ಲೆ ಎಂದೇ ಬರೆಸಿ. ವಯಸ್ಸನ್ನು ಅಂದಾಜಿನಲ್ಲಿ ಅರವತ್ತು ಅನ್ನದೆ ಹುಟ್ಟಿದ ದಿನ ಹುಡುಕಿ ಕೊಡಿ. ಕಬ್ಬಿನ ಟೋಳಿಯಲ್ಲಿ ಸಾವಾದರೆ ಟೋಳಿ ಕರೆತಂದ ಮುಕಾದಮನಿಗೆ ಬಿಡದೆ ನೀವೇ ಪಂಚಾಯಿತಿಗೆ ಸುದ್ದಿ ಮುಟ್ಟಿಸಿ. ಇಲ್ಲಿಯ ಮೂಲೆಯ ಮೇಜಿನಲ್ಲಿ ವಿದ್ಯಾರ್ಥಿಗಳು ಖಾಲಿ ಫಾರ್ಮು ಇಟ್ಟುಕೊಂಡು ಕೂತಿದ್ದಾರೆ, ತುಂಬುವುದು ಹೇಗೆಂದು ತೋರಿಸುತ್ತಾರೆ. ಊಟಕ್ಕೆ ಮೊದಲು ಅಲ್ಲಿಗೆ ಹೋಗಿ ಬನ್ನಿ. ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ತಿಳಿಸುತ್ತೇನೆ.