ಜಿಡ್ಡಿನ ಊಟ, ಯಕೃತ್ತಿನ ಲೆಕ್ಕ



ಹೊಟ್ಟೆನೋವಿಗೋ ಪಿತ್ತಕೋಶದ ಕಲ್ಲಿನ ಅನುಮಾನಕ್ಕೋ ಸ್ಕ್ಯಾನಿಂಗ್ ಮಾಡಿಸಿಕೊಂಡವರ ವರದಿಯಲ್ಲಿ ಈಚೆಗೆ ಒಂದು ಸಾಲು ಪದೇ ಪದೇ ಕಾಣಿಸುತ್ತಿದೆ: ಗ್ರೇಡ್ 1 ಫ್ಯಾಟಿ ಲಿವರ್. ಬಂದ ನೋವಿಗೂ ಈ ಸಾಲಿಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಆದರೂ ಓದಿದವರ ಎದೆ ಧಸಕ್ಕೆನ್ನುತ್ತದೆ. ವರದಿ ಹಿಡಿದು ಬಂದವರು ಕುರ್ಚಿಯ ಅಂಚಿನಲ್ಲಿ ಕೂತು ಕೇಳುವ ಮೊದಲ ಪ್ರಶ್ನೆ, "ಡಾಕ್ಟ್ರೇ, ಎಣ್ಣೆ ಪದಾರ್ಥ ಪೂರ್ತಿ ಬಿಡಬೇಕಾ?"

ಹೌದು ಎಂದು ಹೇಳಿ ಕಳಿಸುವುದು ಸುಲಭ. ಆ ಹೌದಿನೊಳಗೆ ಎಷ್ಟು ನಿಜವಿದೆ, ಎಷ್ಟು ಅರ್ಧ ನಿಜವಿದೆ ಎಂದು ಬಿಡಿಸಿ ನೋಡುವುದೇ ಈ ವಿಚಾರ ಸಂಕಿರಣದ ಆಶಯ.

ವಯಸ್ಕರ ಯಕೃತ್ತು ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಅದರ ಜೀವಕೋಶಗಳಲ್ಲಿ ಶೇ. 5 ಅಥವಾ ಅದಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬಿನ ಹನಿಗಳು ಕಂಡರೆ ಅದನ್ನು ಫ್ಯಾಟಿ ಲಿವರ್ ರೋಗದ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಬಹುಕಾಲ ಇದು ಕುಡುಕರ ಕಾಯಿಲೆ ಎಂದೇ ಹೆಸರಾಗಿತ್ತು. ಅಮೆರಿಕದ ಮೇಯೋ ಕ್ಲಿನಿಕ್‌ನ ರೋಗಶಾಸ್ತ್ರಜ್ಞ ಯುರ್ಗೆನ್ ಲುಡ್ವಿಗ್ ಮತ್ತು ಜೊತೆಗಾರರು 1980ರಲ್ಲಿ 20 ರೋಗಿಗಳ ಯಕೃತ್ತಿನ ಚೂರುಗಳನ್ನು ವಿವರಿಸಿದರು. ಸೂಕ್ಷ್ಮದರ್ಶಕದಡಿ ಅವು ಮದ್ಯವ್ಯಸನಿಗಳ ಯಕೃತ್ತಿನಂತೆಯೇ ಇದ್ದವು, ರೋಗಿಗಳು ಮಾತ್ರ ಕುಡಿಯುವವರಾಗಿರಲಿಲ್ಲ. ಅವರಲ್ಲಿ ಹೆಚ್ಚಿನವರು ಬೊಜ್ಜಿನವರು. ಹೆಸರಿಲ್ಲದ ರೋಗಕ್ಕೆ ಅಂದು, ಮದ್ಯದಿಂದ ಬಂದದ್ದಲ್ಲ ಎಂದು ಸೂಚಿಸುವ ಒಂದು ಹೆಸರು ಸಿಕ್ಕಿತು. 2023ರಲ್ಲಿ ಜಗತ್ತಿನ ತಜ್ಞರು ಆ ಹೆಸರಿನಿಂದ ಮದ್ಯದ ಪ್ರಸ್ತಾಪವನ್ನು ತೆಗೆದು, ಚಯಾಪಚಯದ ಏರುಪೇರನ್ನು ಅದರೊಳಗೆ ಸೇರಿಸಿದರು. ಹೆಸರು ಬದಲಾದಂತೆ ನೋಟವೂ ಬದಲಾಯಿತು: ಬಾಟಲಿಯ ಮೇಲಿದ್ದ ಕಣ್ಣು ಊಟದ ತಟ್ಟೆಯ ಮೇಲೆ ಬಿತ್ತು.

ತಟ್ಟೆಯಲ್ಲಿದ್ದ ಜಿಡ್ಡು ಯಕೃತ್ತನ್ನು ಸೇರುವುದು ಹೇಗೆ? ತಿಂದ ಎಣ್ಣೆ ನೇರವಾಗಿ ಹೋಗಿ ಅಲ್ಲಿ ಕೂರುತ್ತದೆ ಎಂಬುದು ಜನರ ಕಲ್ಪನೆ. ಸಂಶೋಧಕಿ ಎಲಿಜಬೆತ್ ಪಾರ್ಕ್ಸ್ ಅವರ ತಂಡ 2005ರಲ್ಲಿ ಅದು ಎಷ್ಟು ನಿಜವೆಂದು ಅಳೆದೇ ತೋರಿಸಿತು. ಯಕೃತ್ತಿನಲ್ಲಿ ಕೊಬ್ಬು ತುಂಬಿದ್ದ ಒಂಬತ್ತು ಮಂದಿಗೆ ಗುರುತು ಹಚ್ಚಿದ ಪೋಷಕಾಂಶಗಳನ್ನು ಕೊಟ್ಟು, ಆಮೇಲೆ ಬಯಾಪ್ಸಿಯ ಚೂರಿನಲ್ಲಿ ಆ ಗುರುತುಗಳನ್ನು ಹುಡುಕಿದರು. ಅಲ್ಲಿದ್ದ ಕೊಬ್ಬಿನಲ್ಲಿ ಸುಮಾರು ಶೇ. 59 ಭಾಗ ರಕ್ತದಲ್ಲಿ ಹರಿದಾಡುವ ಕೊಬ್ಬಿನಾಮ್ಲಗಳಿಂದ, ಅಂದರೆ ಬಹುಪಾಲು ದೇಹದ ಕೊಬ್ಬಿನ ಕಣಜ ಸೋರಿದ್ದರಿಂದ ಬಂದಿತ್ತು. ಶೇ. 26ರಷ್ಟನ್ನು ಸಕ್ಕರೆ, ಪಿಷ್ಟಗಳಿಂದ ಯಕೃತ್ತು ತಾನೇ ತಯಾರಿಸಿತ್ತು. ಊಟದ ಕೊಬ್ಬಿನಿಂದ ನೇರವಾಗಿ ಬಂದದ್ದು ಶೇ. 15ರಷ್ಟು.

ಹಾಗಾದರೆ ಜಿಡ್ಡು ನಿರಪರಾಧಿಯೇ? ಅವಸರದ ತೀರ್ಪು ಬೇಡ. ಹೆಲ್ಸಿಂಕಿಯಲ್ಲಿ ನಡೆದು ಅದೇ ವರ್ಷ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಹತ್ತು ಮಂದಿ ಸ್ಥೂಲಕಾಯದ ಮಹಿಳೆಯರಿಗೆ ಎರಡು ವಾರ ಶೇ. 16 ಕೊಬ್ಬಿನ ಊಟ, ಇನ್ನೆರಡು ವಾರ ಶೇ. 56 ಕೊಬ್ಬಿನ ಊಟ ಕೊಟ್ಟರು. ಎರಡರಲ್ಲೂ ಒಟ್ಟು ಕ್ಯಾಲೊರಿ ಒಂದೇ. ಜಿಡ್ಡು ಕಡಿಮೆಯಿದ್ದಾಗ ಯಕೃತ್ತಿನ ಕೊಬ್ಬು ಸರಾಸರಿ ಶೇ. 20 ಇಳಿಯಿತು, ಜಿಡ್ಡು ಹೆಚ್ಚಿದಾಗ ಶೇ. 35 ಏರಿತು. ತಕ್ಕಡಿಯ ಮುಳ್ಳು ಅಲುಗದಿದ್ದರೂ ಎರಡೇ ವಾರದಲ್ಲಿ ಒಳಗಿನ ಲೆಕ್ಕ ಬದಲಾಗಿತ್ತು.

ಯಾವ ಜಿಡ್ಡು ಎಂಬುದು ಮುಂದಿನ ಪ್ರಶ್ನೆ. ಸ್ವೀಡನ್ನಿನ ಉಪ್ಸಾಲದ ಸಂಶೋಧಕರು ಇದಕ್ಕೆ ಆರಿಸಿಕೊಂಡ ಸಾಧನ ಮಫಿನ್. 39 ಮಂದಿ ಯುವಕ ಯುವತಿಯರು ಏಳು ವಾರ ದಿನದ ಊಟದ ಜೊತೆಗೆ ಮಫಿನ್ ತಿಂದರು. ಅರ್ಧದಷ್ಟು ಜನರ ಮಫಿನ್‌ಗೆ ತಾಳೆ ಎಣ್ಣೆ, ಉಳಿದವರದಕ್ಕೆ ಸೂರ್ಯಕಾಂತಿ ಎಣ್ಣೆ. ಎರಡೂ ಗುಂಪಿನವರ ತೂಕ ಸುಮಾರು 1.6 ಕಿಲೋ ಏರಿತು. ಆದರೆ 2014ರಲ್ಲಿ ಬಂದ ಫಲಿತಾಂಶದ ಪ್ರಕಾರ, ಯಕೃತ್ತಿನಲ್ಲಿ ಕೊಬ್ಬು ಗಣನೀಯವಾಗಿ ಹೆಚ್ಚಿದ್ದು ತಾಳೆ ಎಣ್ಣೆಯವರಲ್ಲಿ. ಸೂರ್ಯಕಾಂತಿಯವರು ಪಡೆದ ತೂಕದಲ್ಲಿ ಸ್ನಾಯುವಿನ ಪಾಲು ಹೆಚ್ಚಿತ್ತು.

2018ರಲ್ಲಿ ಹೆಲ್ಸಿಂಕಿಯವರು ಸಕ್ಕರೆಯನ್ನೂ ಕಣಕ್ಕಿಳಿಸಿದರು. ತೂಕ ಹೆಚ್ಚಿದ್ದ 38 ಮಂದಿಗೆ ಮೂರು ವಾರ, ದಿನಕ್ಕೆ 1,000 ಕ್ಯಾಲೊರಿ ಹೆಚ್ಚುವರಿ ಆಹಾರ. ಒಂದು ಗುಂಪಿಗೆ ಕೊಬ್ಬರಿ ಎಣ್ಣೆ, ಬೆಣ್ಣೆ, ಚೀಸ್. ಇನ್ನೊಂದಕ್ಕೆ ಆಲಿವ್ ಎಣ್ಣೆ, ಬೀಜಗಳು. ಮೂರನೆಯದಕ್ಕೆ ಹಣ್ಣಿನ ರಸ, ಸಿಹಿ ಪಾನೀಯ, ಮಿಠಾಯಿ. ಯಕೃತ್ತಿನ ಕೊಬ್ಬು ಮೊದಲ ಗುಂಪಿನಲ್ಲಿ ಶೇ. 55, ಎರಡನೆಯದರಲ್ಲಿ ಶೇ. 15, ಸಕ್ಕರೆಯ ಗುಂಪಿನಲ್ಲಿ ಶೇ. 33 ಹೆಚ್ಚಿತು. ಮೊದಲ ಗುಂಪಿನವರ, ಅಂದರೆ ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬು ತಿಂದವರ ದೇಹದಲ್ಲಿ ಕೊಬ್ಬಿನ ಕಣಜ ಹೆಚ್ಚು ಸೋರಿತು, ಇನ್ಸುಲಿನ್ ಮಾತು ಕೇಳುವ ಶಕ್ತಿ ಕುಂದಿತು, ರಕ್ತದಲ್ಲಿ ಸೆರಮೈಡ್ ಎಂಬ ಅಪಾಯದ ಅಣುಗಳು ಏರಿದವು. ಶೇ. 59ರ ಆ ದೊಡ್ಡ ದಾರಿಗೂ ತಟ್ಟೆಯ ಜಿಡ್ಡಿಗೂ ಇರುವ ನಂಟು ಇಲ್ಲಿ ಬಿಚ್ಚಿಕೊಳ್ಳುತ್ತದೆ. ಜಿಡ್ಡು ಯಕೃತ್ತಿಗೆ ನೇರವಾಗಿ ಹೋಗುವುದು ಕಡಿಮೆ ಇರಬಹುದು, ಆದರೆ ಕಣಜದ ಬಾಗಿಲು ಸಡಿಲಿಸುವ ಕೆಲಸ ಮಾಡಬಲ್ಲದು.

ಸಕ್ಕರೆ, ಪಿಷ್ಟಗಳ ಕಥೆ ಇನ್ನೂ ಹಳೆಯದು. ರೋಮನ್ನರು ಹೆಬ್ಬಾತುಗಳಿಗೆ ಅಂಜೂರ ತಿನ್ನಿಸಿ ಅವುಗಳ ಯಕೃತ್ತನ್ನು ಕೊಬ್ಬಿಸುತ್ತಿದ್ದರು. ಅಂಜೂರಕ್ಕೆ ಅವರ ಭಾಷೆಯಲ್ಲಿದ್ದ ಮಾತು ಆ ಖಾದ್ಯಕ್ಕೆ ಅಂಟಿಕೊಂಡು, ಕೊನೆಗೆ ಇಟಲಿಯ ಫೇಗಾತೊ, ಫ್ರಾನ್ಸಿನ ಫ್ವಾ ಎಂದು ಯಕೃತ್ತಿನ ಹೆಸರೇ ಆಗಿ ಉಳಿಯಿತು. ಇಂದಿಗೂ ಫ್ರಾನ್ಸಿನಲ್ಲಿ ಫ್ವಾ ಗ್ರಾಗಾಗಿ ಬಾತುಗಳ ಗಂಟಲಿಗೆ ಒತ್ತುವುದು ಮುಖ್ಯವಾಗಿ ಮುಸುಕಿನ ಜೋಳ. ಎಣ್ಣೆ ಕುಡಿಸದೆ, ಬರೀ ಕಾಳು ತಿನ್ನಿಸಿ ಯಕೃತ್ತನ್ನು ಹಲವು ಪಟ್ಟು ಊದಿಸಬಹುದೆಂದು ರೈತರಿಗೆ ಪ್ರಯೋಗಶಾಲೆಗಳಿಗಿಂತ ಬಹಳ ಮೊದಲೇ ಗೊತ್ತಿತ್ತು.

ಹಸಿದ ಹೊಟ್ಟೆಯೂ ಇದೇ ಪಾಠ ಹೇಳಿದೆ. ಪ್ರೋಟೀನ್ ಕೊರತೆಯಿಂದ ಊದಿಕೊಳ್ಳುವ ಕ್ವಾಶಿಯೋರ್ಕರ್ ಪೀಡಿತ ಮಕ್ಕಳ ಯಕೃತ್ತು ಕೊಬ್ಬಿನಿಂದ ತುಂಬಿರುತ್ತದೆ. ಕೊಬ್ಬನ್ನು ಪೊಟ್ಟಣ ಕಟ್ಟಿ ರಕ್ತಕ್ಕೆ ಸಾಗಿಸಲು ಪ್ರೋಟೀನ್ ಬೇಕು, ಕೋಲಿನ್ ಎಂಬ ಪೋಷಕಾಂಶವೂ ಬೇಕು. ಇನ್ಸುಲಿನ್ ಶೋಧದಲ್ಲಿ ಪಾಲುಗೊಂಡಿದ್ದ ಚಾರ್ಲ್ಸ್ ಬೆಸ್ಟ್ 1932ರಲ್ಲಿ ಕೋಲಿನ್‌ನ ಈ ಗುಣವನ್ನು ಇಲಿಗಳಲ್ಲಿ ಕಂಡುಕೊಂಡರು. ಒಳಬರುವ ದಾರಿಯಷ್ಟೇ ಹೊರಹೋಗುವ ದಾರಿಯೂ ಮುಖ್ಯ.

ಈಗ ಪ್ರಯೋಗಶಾಲೆಯ ಇಲಿಯ ಮಾತು. ಹೆಚ್ಚು ಜಿಡ್ಡಿನ ಆಹಾರ ಎಂದು ಪ್ರಬಂಧಗಳಲ್ಲಿ ಬರುವ ಬಹುಪಾಲು ಫಲಿತಾಂಶಗಳು ಇಲಿಗಳವು. ಆ ಪ್ರಯೋಗಗಳಲ್ಲಿ ತುಂಬ ಬಳಕೆಯಲ್ಲಿರುವ ಆಹಾರದಲ್ಲಿ ಕ್ಯಾಲೊರಿಯ ಶೇ. 60 ಭಾಗ ಕೊಬ್ಬಿನಿಂದ, ಅದರಲ್ಲೂ ಹೆಚ್ಚಾಗಿ ಹಂದಿಯ ಕೊಬ್ಬಿನಿಂದ ಬರುತ್ತದೆ. ಭಾರತೀಯರ ಊಟವನ್ನು ಅಳೆದ ಐಸಿಎಂಆರ್ ಇಂಡಿಯಾಬ್ ಅಧ್ಯಯನ 2025ರಲ್ಲಿ ಹೇಳಿದ ಅಂಕಿ ಇದಕ್ಕೆ ತಿರುವುಮುರುವಾಗಿದೆ: ಇಲ್ಲಿ ಶೇ. 62 ಕ್ಯಾಲೊರಿ ಬರುವುದು ಕಾರ್ಬೋಹೈಡ್ರೇಟ್‌ನಿಂದ, ಬಹುಪಾಲು ಬಿಳಿ ಅಕ್ಕಿ, ನುಣುಪು ಗೋಧಿಹಿಟ್ಟು, ಸಕ್ಕರೆಗಳಿಂದ. ಇಲಿಯ ಜೀವಕೋಶದೊಳಗೆ ಏನು ನಡೆಯುತ್ತದೆ ಎಂಬುದನ್ನು ಆ ಪ್ರಯೋಗಗಳು ಅಮೂಲ್ಯವಾಗಿ ತಿಳಿಸುತ್ತವೆ. ಮಂಡ್ಯದ ತಟ್ಟೆಗೆ ಆ ಶೇ. 60ರ ಫಲಿತಾಂಶವನ್ನು ಹಾಗೆಯೇ ಇಳಿಸಲಾಗದು.

ತಟ್ಟೆಯಂತೆ ಮೈಯೂ ಬೇರೆ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ 1,911 ಜನರನ್ನು ಪರೀಕ್ಷಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಶೇ. 8.7 ಜನರಿಗೆ ಫ್ಯಾಟಿ ಲಿವರ್ ಇತ್ತು, ಅವರಲ್ಲಿ ನಾಲ್ಕರಲ್ಲಿ ಮೂವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 25ಕ್ಕಿಂತ ಕಡಿಮೆ. ವೈದ್ಯ ಸಂಶೋಧಕರಾದ ಪುಣೆಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ಅಕ್ಕಪಕ್ಕ ಇಟ್ಟು ಇದನ್ನು ತೋರಿಸಿದ್ದರು. ಇಬ್ಬರ ಬಿಎಂಐ 22.3. ಮೈಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ಈ ಒಳಗೊಬ್ಬಿನ ಬೇರು ಗರ್ಭದಲ್ಲೇ ಇರಬಹುದೆಂಬ ವಾದಕ್ಕೆ ಮೈಸೂರು ಕೂಡ ಸಾಕ್ಷಿ ಒದಗಿಸಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಜೋಪಾನ ಮಾಡಿದ ಹೆರಿಗೆ ದಾಖಲೆಗಳಿಂದಲೇ ಹುಟ್ಟುತೂಕಕ್ಕೂ ಮುಂದಿನ ಹೃದ್ರೋಗಕ್ಕೂ ಇರುವ ನಂಟು ಭಾರತದಲ್ಲಿ ಬೆಳಕಿಗೆ ಬಂತು.

ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಮಾಡಿದ ಲೆಕ್ಕದಂತೆ ವಯಸ್ಕರಲ್ಲಿ ಶೇ. 38.6, ಮಕ್ಕಳಲ್ಲಿ ಶೇ. 35.4 ಮಂದಿಗೆ ಈ ಸಮಸ್ಯೆಯಿದೆ. ಹೈದರಾಬಾದಿನಲ್ಲಿ ಪರೀಕ್ಷೆಗೊಳಗಾದ 345 ಐಟಿ ನೌಕರರಲ್ಲಿ ಶೇ. 84 ಮಂದಿಯ ಯಕೃತ್ತಿನಲ್ಲಿ ಹೆಚ್ಚುವರಿ ಕೊಬ್ಬು ಕಂಡಿತು. ಅದೇ ಬಗೆಯ ಕುರ್ಚಿಯಲ್ಲಿ, ಅದೇ ರಾತ್ರಿಪಾಳಿಯಲ್ಲಿ ಬೆಂಗಳೂರೂ ಕೂತಿದೆ.

ಅಡುಗೆಮನೆಗೆ ಬಂದರೆ ಎಣ್ಣೆಗಳೆಲ್ಲ ಒಂದೇ ಜಾತಿಯವಲ್ಲ. ಕೊಬ್ಬರಿ ಎಣ್ಣೆಯಲ್ಲಿ ಪರ್ಯಾಪ್ತ ಕೊಬ್ಬು ಶೇ. 90ರ ಆಸುಪಾಸು, ತುಪ್ಪದಲ್ಲಿ ಶೇ. 60ಕ್ಕೂ ಹೆಚ್ಚು, ತಾಳೆ ಎಣ್ಣೆಯಲ್ಲಿ ಅರ್ಧದಷ್ಟು, ಕಡಲೆಕಾಯಿ ಎಣ್ಣೆಯಲ್ಲಿ ಐದನೇ ಒಂದಂಶದಷ್ಟು, ಸೂರ್ಯಕಾಂತಿಯಲ್ಲಿ ಹತ್ತನೇ ಒಂದಂಶದಷ್ಟು. ಕರಾವಳಿಯವರು ತಲೆತಲಾಂತರದಿಂದ ತೆಂಗು ಉಂಡವರು. ಆದರೆ ಮೀನು, ಸೊಪ್ಪು, ಗದ್ದೆಕೆಲಸಗಳ ಜೊತೆಗಿದ್ದ ತೆಂಗಿಗೂ ಬೇಕರಿ ಪಫ್ಸ್, ಸಿಹಿ ಪಾನೀಯ, ದಿನವಿಡೀ ಕೂತ ಕೆಲಸದ ಜೊತೆಗಿರುವ ತೆಂಗಿಗೂ ದೇಹದಲ್ಲಿ ಒಂದೇ ಲೆಕ್ಕ ಇರಲಾರದು. ಪ್ರಯೋಗಗಳು ಸಕ್ಕರೆಯನ್ನೂ ಜಿಡ್ಡನ್ನೂ ಬೇರ್ಪಡಿಸಿ ಅಳೆಯುತ್ತವೆ, ಮೈಸೂರು ಪಾಕ್ ಎರಡನ್ನೂ ಒಂದೇ ತುಂಡಿನಲ್ಲಿ ಕೊಡುತ್ತದೆ. ಆ ಜೋಡಿಯನ್ನು ಇಲ್ಲಿನ ಜನರಲ್ಲೇ ಅಳೆಯುವ ಕೆಲಸ ಆಗಬೇಕಿದೆ.

ಕೀಟೋ ಡಯಟ್ ಮಾಡಿದವರ ಯಕೃತ್ತು ತಿಳಿಯಾಯಿತಲ್ಲ ಎಂಬ ಪ್ರಶ್ನೆಯನ್ನೂ ತಳ್ಳಿಹಾಕುವಂತಿಲ್ಲ. ಜಿಡ್ಡೇ ಪ್ರಧಾನವಾದ ಆ ಊಟದಿಂದ ಆರು ದಿನಗಳಲ್ಲಿ ಯಕೃತ್ತಿನ ಕೊಬ್ಬು ಶೇ. 31 ಇಳಿದದ್ದನ್ನು ಹೆಲ್ಸಿಂಕಿಯ ಅದೇ ಸಂಶೋಧಕರ ಬಳಗ 2020ರಲ್ಲಿ ವರದಿ ಮಾಡಿತು. ಅಲ್ಲಿ ಪಿಷ್ಟ ಬಹುತೇಕ ಇಲ್ಲ, ಒಟ್ಟು ಕ್ಯಾಲೊರಿಯೂ ಕಡಿಮೆ. ಅನ್ನದ ಮೇಲೆ ತುಪ್ಪ ಸುರಿದುಕೊಳ್ಳುವುದಕ್ಕೆ ಅದು ಪರವಾನಗಿ ಕೊಡುವುದಿಲ್ಲ.

ಭರವಸೆಯ ಸಂಗತಿಯೆಂದರೆ ಯಕೃತ್ತು ಬೇಗ ಚೇತರಿಸಿಕೊಳ್ಳುತ್ತದೆ. ಕ್ಯೂಬಾದಲ್ಲಿ 293 ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ತೂಕವನ್ನು ಶೇ. 10 ಅಥವಾ ಹೆಚ್ಚು ಇಳಿಸಿದವರ ಪೈಕಿ ಶೇ. 90 ಮಂದಿಯಲ್ಲಿ ಯಕೃತ್ತಿನ ಉರಿಯೂತ ಮಾಯವಾಗಿತ್ತು. 2024ರಲ್ಲಿ ಅಮೆರಿಕ ಈ ರೋಗಕ್ಕೆ ಮೊದಲ ಔಷಧಿಯಾಗಿ ರೆಸ್ಮೆಟಿರೋಮ್‌ಗೆ ಒಪ್ಪಿಗೆ ಕೊಟ್ಟಿತು. ಮಾತ್ರೆ ಬಂದರೂ ಅದರ ಜೊತೆಗೆ ಪಥ್ಯ, ನಡಿಗೆ ಎರಡೂ ಚೀಟಿಯಲ್ಲಿ ಉಳಿದೇ ಇವೆ.

2021ರಲ್ಲಿ ಕೇಂದ್ರ ಸರ್ಕಾರ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಇನ್ನು ಆಶಾ ಕಾರ್ಯಕರ್ತೆಯ ಬಾಯಲ್ಲಿ ಬರಬೇಕಾದ ಸಲಹೆ ಯಾವುದು? ರಾಗಿಮುದ್ದೆ, ಜೋಳದ ರೊಟ್ಟಿ, ಕುಚಲಕ್ಕಿ ಉಣ್ಣುವ ಮೂರು ಸೀಮೆಗಳಿಗೆ ಒಂದೇ ಪಥ್ಯದ ಚೀಟಿ ಸಾಕೇ? ತೆಳ್ಳಗಿರುವವರನ್ನು ಪರೀಕ್ಷೆಗೆ ಕರೆಯುವುದು ಯಾವ ಲಕ್ಷಣ ನೋಡಿ? ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವ ಗಾಡಿಯಂಗಡಿಯವರ ಜೊತೆ ಮಾತಾಡುವವರು ಯಾರು? ಗೋಷ್ಠಿಗಳಲ್ಲಿ ಪ್ರಬಂಧ ಮಂಡಿಸುವವರು ಇವುಗಳಲ್ಲಿ ಒಂದೊಂದನ್ನಾದರೂ ಕೈಗೆತ್ತಿಕೊಳ್ಳಲಿ. ಗ್ರೇಡ್ 1 ಎಂದು ಬರೆದ ವರದಿ ಹಿಡಿದವರು ಹೊರರೋಗಿ ವಿಭಾಗದ ಸಾಲಿನಲ್ಲಿ ಈ ಹೊತ್ತಿಗೂ ನಿಂತಿದ್ದಾರೆ. ಯಾವ ಎಣ್ಣೆ, ಎಷ್ಟು ಚಮಚ, ಯಾವ ಅನ್ನದ ಜೊತೆ ಎಂದು ಅವರಿಗೆ ತಿಳಿಗನ್ನಡದಲ್ಲಿ ಹೇಳಬಲ್ಲ ಒಂದು ಪುಟವನ್ನು ಈ ಸಭೆ ಸಿದ್ಧಪಡಿಸಲಿ ಎಂದು ಕೋರುತ್ತ, ಮೊದಲ ಗೋಷ್ಠಿಯವರನ್ನು ವೇದಿಕೆಗೆ ಆಹ್ವಾನಿಸಲಾಗುತ್ತಿದೆ.